ದೃಢಪಟ್ಟಿಲ್ಲ

ಜೂನ್ 3, ಸೋಮವಾರ

ಹೊಸ ಕಚೇರಿಯಲ್ಲಿ ಮೊದಲ ದಿನ. ಇಷ್ಟು ವರ್ಷ ರೇಡಿಯೋದಲ್ಲಿ ವಾರ್ತೆ ಓದಿದವಳನ್ನು ಎತ್ತಿಕೊಂಡು ಬಂದು ಪ್ರಸಾರ ನಿಯಂತ್ರಣ ಮಂಡಳಿಯ ಕುರ್ಚಿಯ ಮೇಲೆ ಇಟ್ಟಿದ್ದಾರೆ, ಹಳೇ ಬೀರುವನ್ನು ಹೊಸ ಮನೆಯ ಮೂಲೆಗೆ ತಳ್ಳಿದ ಹಾಗೆ. ರೇಡಿಯೋದ ವಾರ್ತಾ ವಿಭಾಗಕ್ಕೆ ಬೀಗ. ಈಗ ವಾರ್ತೆ ಓದುವುದು ಯಂತ್ರ. ಅದಕ್ಕೆ ಕೆಮ್ಮೂ ಬರುವುದಿಲ್ಲ, ನಾಚಿಕೆಯೂ ಇಲ್ಲ. ನನ್ನ ಬಾಯಿಯಂತೂ ಮುಚ್ಚಿಸಿದರು, ಕೈಯಾದರೂ ಆಡಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಕೆಲಸ ಇಷ್ಟೇ. ಈಗ ಫೋನ್ ಇದ್ದವರೆಲ್ಲ ಚಾನೆಲ್ ನಡೆಸುತ್ತಾರಲ್ಲ, ಅವರು ಹಾಕುವ ಸುದ್ದಿಗಳು ಒಂದೊಂದಾಗಿ ನನ್ನ ಪರದೆಗೆ ಬರುತ್ತವೆ. ಕೆಳಗೆ ಮೂರು ಗುಂಡಿ. ಹಸಿರು ಎಂದರೆ ‘ದೃಢಪಟ್ಟಿದೆ’, ಕೆಂಪು ಎಂದರೆ ‘ಸುಳ್ಳು’, ಹಳದಿ ಎಂದರೆ ‘ದೃಢಪಟ್ಟಿಲ್ಲ’. ಹಸಿರು ಒತ್ತಬೇಕಾದರೆ ‘ದೃಢಪಡಿಸಿದವರು’ ಎಂಬಲ್ಲಿ ಇಲಾಖೆಯ ಹೆಸರು ತುಂಬಬೇಕು. ಹಳದಿ ಒತ್ತಿದರೆ ಸುದ್ದಿಯ ಹಣೆಗೆ ಹಳದಿ ಪಟ್ಟಿ ಅಂಟಿಕೊಳ್ಳುತ್ತದೆ, ಅದನ್ನು ಯಾರೂ ಮುಂದೆ ಕಳಿಸುವ ಹಾಗಿಲ್ಲ.

ಇದನ್ನೆಲ್ಲ ವಿವರಿಸಿದವರು ನಮ್ಮ ಮೇಲಧಿಕಾರಿ. ಈ ಸೆಕೆಯಲ್ಲೂ ಟೈ ಕಟ್ಟಿಕೊಂಡು ಬರುತ್ತಾರೆ. ಟೈ ಸಾಹೇಬರು ಎಂದೇ ಕರೆಯೋಣ.

‘ದೃಢಪಟ್ಟಿಲ್ಲ’ ಎಂಬ ಪದ ನನಗೆ ಹೊಸದಲ್ಲ. ರೇಡಿಯೋದಲ್ಲಿ ನಮ್ಮ ಹಿರಿಯ ಸಂಪಾದಕರು ಪ್ರತಿ ಸುದ್ದಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಯಾರು ಹೇಳಿದ್ದು?” ಉತ್ತರ ಇಲ್ಲದಿದ್ದರೆ ಹಾಳೆಯ ತಲೆಯ ಮೇಲೆ ಪೆನ್ಸಿಲ್ಲಿನಲ್ಲಿ ‘ದೃಢಪಟ್ಟಿಲ್ಲ’ ಎಂದು ಗೀಚುತ್ತಿದ್ದರು. ಅದರರ್ಥ ಬಿಸಾಕು ಎಂದಲ್ಲ, ಏಳು, ಫೋನ್ ಮಾಡು ಎಂದು.

ಇವತ್ತು ಹಾಗೇ ಮಾಡಿದೆ. ಬಸ್ ನಿಲ್ದಾಣದ ಚಾವಣಿ ಕುಸಿದಿದೆ ಎಂದು ಒಬ್ಬ ಹಾಕಿದ್ದ. ನಿಲ್ದಾಣದ ಮೇಲ್ವಿಚಾರಕರಿಗೆ ಫೋನ್ ಹಚ್ಚಿದೆ. “ಅಯ್ಯೋ ತಾಯಿ, ಅದರ ಕೆಳಗೇ ನಿಂತಿದ್ದೀನಿ, ಕುಸಿದಿದ್ರೆ ನಿಮ್ಮ ಹತ್ರ ಮಾತಾಡ್ತಿದ್ನಾ?” ಎಂದರು. ಕೆಂಪು ಒತ್ತಿದೆ. ಮನಸ್ಸಿಗೆ ಹಿತವಾಯಿತು.

ಜೂನ್ 5, ಬುಧವಾರ

ಅತ್ತಿಗೆಗೆ ಪಾಠ.

ಅಣ್ಣ ಹೋದ ಮೇಲೆ ಈ ಮನೆಯಲ್ಲಿ ನಾವಿಬ್ಬರೇ, ನಾನು ಮತ್ತು ಅತ್ತಿಗೆ. ಜಗಳಕ್ಕೆ ಮೂರನೆಯವರ ಅಗತ್ಯ ಬಿದ್ದಿಲ್ಲ. ಅತ್ತಿಗೆಗೆ ಮೂತ್ರಪಿಂಡದ ತೊಂದರೆ. ಹೋದ ವರ್ಷ ಯಾವನೋ ಫೋನಿನಲ್ಲಿ ‘ಬೆಳ್ಳುಳ್ಳಿ ತಿಂದರೆ ಮಾತ್ರೆ ಬೇಡ’ ಎಂದ. ಇವರು ಮಾತ್ರೆ ಬಿಟ್ಟು ಬೆಳ್ಳುಳ್ಳಿ ಹಿಡಿದರು, ಆಸ್ಪತ್ರೆ ಸೇರಿದರು. ಡಾಕ್ಟರು ನನ್ನನ್ನು ಬೈದರು, “ನೀವು ವಾರ್ತೆ ಓದೋರು ಅಲ್ವಾ?” ಎಂದು. ಎಲ್ಲಿಗೆಲ್ಲಿಯ ಸಂಬಂಧ! ಆದರೂ ಚುಚ್ಚಿತು.

ಅದಕ್ಕೇ ಇವತ್ತು ಕೂರಿಸಿಕೊಂಡು ಮೂರು ಬಣ್ಣ ಹೇಳಿಕೊಟ್ಟೆ. ಹಸಿರು ಅರ್ಥವಾಯಿತು, ಕೆಂಪು ಅರ್ಥವಾಯಿತು. ಹಳದಿಯಲ್ಲಿ ಗಾಡಿ ಕೆಟ್ಟು ನಿಂತಿತು.

“ದೃಢಪಟ್ಟಿಲ್ಲ ಅಂದ್ರೆ ನಿಜಾನೋ ಸುಳ್ಳೋ?”

“ಎರಡೂ ಅಲ್ಲ ಅತ್ತಿಗೆ. ಇನ್ನೂ ಗೊತ್ತಿಲ್ಲ ಅಂತ.”

“ಗೊತ್ತಿಲ್ಲ ಅಂದ್ಮೇಲೆ ಯಾಕೇ ಹೇಳ್ಬೇಕು? ಬಸುರಿ ಅಂದ್ರೆ ಬಸುರಿ, ಇಲ್ಲ ಅಂದ್ರೆ ಇಲ್ಲ. ಮಧ್ಯದಲ್ಲಿ ಇನ್ನೊಂದು ಉಂಟೇನೇ?”

ಅರ್ಧ ಗಂಟೆ ಗುದ್ದಾಡಿದೆ. ಬೆಳ್ಳುಳ್ಳಿಯವನಿಗೂ ಆಗ ಹಳದಿಯೇ ಬೀಳುತ್ತಿತ್ತು ಎಂದು ಹೊಳೆಯಿತು. ಸಾಕಾಯಿತು. “ಸುಳ್ಳು ಅಂತಲೇ ತಿಳ್ಕೊಳ್ಳಿ ಅತ್ತಿಗೆ, ಮುಗೀತು” ಎಂದೆ. ಮುಖ ಅರಳಿತು. “ಹಾಗೆ ಬಾಯಿಬಿಟ್ಟು ಹೇಳು ಮತ್ತೆ! ಸುಮ್ನೆ ಸುತ್ತಿ ಬಳಸಿ…” ಎಂದು ನನ್ನನ್ನೇ ಬೈದರು.

ಜೂನ್ 12, ಬುಧವಾರ

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಅತ್ತಿಗೆ ಈಗ ನಮ್ಮ ಕಟ್ಟಡದ ಫೋನ್ ಗುಂಪಿಗೆ ಪೊಲೀಸು. ಯಾರು ಏನು ಹಾಕಿದರೂ ಕೆಳಗೆ ಒಂದೇ ಮಾತು: ದೃಢಪಟ್ಟಿಲ್ಲ. ಲಿಫ್ಟ್ ನಾಳೆ ರಿಪೇರಿ ಎಂದರೆ, ದೃಢಪಟ್ಟಿಲ್ಲ. ಎರಡನೇ ಮಹಡಿಯವರು ಮಗಳ ಮದುವೆ ಗೊತ್ತಾಯಿತು ಎಂದು ಸಂತೋಷದಿಂದ ಹಾಕಿದರೆ, ಅದಕ್ಕೂ ದೃಢಪಟ್ಟಿಲ್ಲ! ಆಕೆ ಮೇಲೆ ಬಂದು ಕಣ್ಣೀರು ಹಾಕಿಕೊಂಡು ಹೋದಳು. “ಗಂಡಿನ ಕಡೆಯವರು ಇನ್ನೂ ಹಾಕಿಲ್ವಲ್ಲ” ಎಂದು ಅತ್ತಿಗೆಯ ವಾದ. ನಾನು ನಗು ತಡೆಯಲಾರದೆ ಬಚ್ಚಲಿಗೆ ಓಡಿದೆ.

ಆದರೆ ಬೆಳ್ಳುಳ್ಳಿಯವನನ್ನು ಫೋನಿನಿಂದ ತಾವೇ ಕಿತ್ತು ಹಾಕಿದ್ದಾರೆ. ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದಾರೆ. ಇದು ನನ್ನ ಗೆಲುವು, ಯಾರು ಏನೇ ಅನ್ನಲಿ.

ಜೂನ್ 21, ಶುಕ್ರವಾರ

ಪರದೆಗೆ ಬರುವ ಸುದ್ದಿ ಎರಡರಷ್ಟಾಗಿದೆ. ನಾನು ಫೋನ್ ಹಿಡಿದು ಕೂತದ್ದನ್ನು ನೋಡಿ ಟೈ ಸಾಹೇಬರು ಹತ್ತಿರ ಬಂದು, “ಮೇಡಂ, ಇದು ಸುದ್ದಿಮನೆ ಅಲ್ಲ. ನಾವು ವಿಂಗಡಿಸೋರು ಅಷ್ಟೇ. ಇಲಾಖೆ ದೃಢಪಡಿಸಿದ್ರೆ ಹಸಿರು, ಇಲ್ಲಾಂದ್ರೆ ಹಳದಿ. ನೀವ್ಯಾಕೆ ಬೆನ್ನು ಹತ್ತಿ ಹೋಗ್ತೀರ?” ಎಂದರು. ನನ್ನ ಮಗನ ವಯಸ್ಸು. ನನಗೆ ಮಗ ಇಲ್ಲದ್ದು ಒಳ್ಳೆಯದೇ ಆಯಿತು.

ಆದರೂ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಒಂದೊಂದಕ್ಕೂ ನಾಲ್ಕು ಕಡೆ ಫೋನ್ ಮಾಡುತ್ತ ಕೂತರೆ ಸಂಜೆಯೊಳಗೆ ಮುಗಿಯುವುದುಂಟೇ?

ಮಧ್ಯಾಹ್ನ ಬಡಾವಣೆಯ ಸಭಾಂಗಣದಲ್ಲಿ ‘ಡಿಜಿಟಲ್ ಸಾಕ್ಷರತೆ’ ಎಂದು ನನ್ನಿಂದ ಪಾಠ ಹೇಳಿಸಿದರು. ಮುಂದಿನ ಸಾಲಿನಲ್ಲಿ ಅತ್ತಿಗೆ. ನಾನು ಹಳದಿಯ ಬಗ್ಗೆ ಸುತ್ತಿ ಬಳಸಿ ಹೇಳುತ್ತಿದ್ದರೆ ಅವರು ಎದ್ದು ನಿಂತು, “ಅಷ್ಟೆಲ್ಲ ಬೇಡ ಕಣ್ರೀ. ಹಳದಿ ಕಂಡ್ರೆ ಕೈಬಿಡಿ!” ಎಂದರು. ಜನ ಚಪ್ಪಾಳೆ ತಟ್ಟಿದರು. ಟೈ ಸಾಹೇಬರು ಅಲ್ಲೇ ಬರೆದುಕೊಂಡರು, ಭಿತ್ತಿಪತ್ರ ಮಾಡಿಸುತ್ತಾರಂತೆ. ಅತ್ತಿಗೆ ಮನೆಯವರೆಗೂ ನೆಲದ ಮೇಲೆ ನಡೆಯಲಿಲ್ಲ.

ಜುಲೈ 2, ಮಂಗಳವಾರ

ಭಿತ್ತಿಪತ್ರ ಬಂದಿದೆ. ‘ಹಳದಿ ಕಂಡರೆ ಕೈಬಿಡಿ.’ ನಮ್ಮ ಕಟ್ಟಡದ ಮೆಟ್ಟಿಲ ಬಳಿಯೂ ಒಂದು. ಕೆಲಸ ಬೇಗ ಮುಗಿಯಿತು, ತಲೆನೋವೂ ಇಲ್ಲ. ಫೋನಿನ ಗೊಡವೆಗೇ ಹೋಗಲಿಲ್ಲ.

ಜುಲೈ 9, ಮಂಗಳವಾರ

ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸನ್ನೆ ಫೋನ್ ಮಾಡಿದ್ದ. ರೇಡಿಯೋದಲ್ಲಿ ಗಾಜಿನ ಆಚೆ ಕೂತು ನನಗೆ ಕೈಸನ್ನೆ ಮಾಡುತ್ತಿದ್ದ ಧ್ವನಿ ತಂತ್ರಜ್ಞ. ಬೆರಳೆತ್ತಿದರೆ ಶುರು, ಅಂಗೈ ಮಡಚಿದರೆ ನಿಲ್ಲಿಸು. ಎಲ್ಲರೂ ಅವನನ್ನು ಕರೆಯುವುದೇ ಸನ್ನೆ ಎಂದು. ನನಗಾದರೂ ಕುರ್ಚಿ ಸಿಕ್ಕಿತು, ಅವನನ್ನು ಮನೆಗೆ ಕಳಿಸಿದರು. ಈಗ ‘ಬೀದಿ ಸುದ್ದಿ’ ಎಂದು ಫೋನಿನಲ್ಲಿ ಚಾನೆಲ್ ನಡೆಸುತ್ತಾನೆ.

ಬೆಳಿಗ್ಗೆ ಒಂದು ಸುದ್ದಿ ಹಾಕಿದ್ದ. ಕೆಳಗಿನ ಬೀದಿಯಲ್ಲಿ ಕೊಳವೆಗೆಂದು ಅಗೆದ ಮೇಲೆ ಕುಡಿಯುವ ನೀರಿಗೆ ಚರಂಡಿ ಸೇರುತ್ತಿದೆ, ಮನೆಮನೆಯಲ್ಲಿ ವಾಂತಿಭೇದಿ, ನೀರು ಕುದಿಸದೆ ಕುಡಿಯಬೇಡಿ, ಎಂದು. ಅದು ನನ್ನ ಪರದೆಗೆ ಬರುವ ಮೊದಲೇ ಅವನ ಫೋನು.

“ಅಕ್ಕಾ, ಹಸಿರು ಒತ್ತಿ. ಜನಕ್ಕೆ ಬೇಗ ಗೊತ್ತಾಗ್ಲಿ.”

“ಯಾರು ಹೇಳಿದ್ದು?”

“ನಾನು ಹೇಳ್ತಿದ್ದೀನಿ. ಒಂದೊಂದು ಮನೆಗೂ ಹೋಗಿ ನೋಡಿ ಬಂದಿದ್ದೀನಿ ಅಕ್ಕಾ. ಗುಂಡಿಗೂ ಇಳಿದಿದ್ದೆ. ಬಟ್ಟೆ ಇನ್ನೂ ನಾರ್ತಿದೆ.”

“ನೀನು ಜಲ ಇಲಾಖೆಯಾ? ಡಾಕ್ಟರಾ?”

“ಅಕ್ಕಾ, ಮೊದಲು ನೀವು ಹೀಗೆ ಕೇಳ್ತಿರಲಿಲ್ಲ” ಎಂದ.

ಹೀಗೆಂದರೆ ಹೇಗೆ? ಅದೇ ಪ್ರಶ್ನೆ ತಾನೇ ಅವತ್ತೂ ಕೇಳುತ್ತಿದ್ದದ್ದು? ನನಗೆ ಪಾಠ ಹೇಳಲು ಬರುತ್ತಾನೆ! ಕೆಲಸ ಹೋದ ಹೊಟ್ಟೆಉರಿ ಇವನಿಗೆ, ಸರ್ಕಾರದ್ದು ಏನೇ ಕಂಡರೂ ಕೊಳಕೇ ಕಾಣುತ್ತದೆ. ಆದರೂ ಜಲ ಇಲಾಖೆಗೆ ಒಂದು ಸಲ ಫೋನ್ ಮಾಡಿದೆ. ಎಂಗೇಜ್. ಹಿಂದೆ ಸುದ್ದಿಗಳ ಸಾಲು ಬೆಳೆಯುತ್ತಿತ್ತು. ಹಳದಿ ಒತ್ತಿದೆ. ನಿಯಮ ಇರುವುದೇ ಹಾಗೆ.

ನಮ್ಮ ನಲ್ಲಿಯ ನೀರು ಎರಡು ದಿನದಿಂದ ಒಂಥರಾ ವಾಸನೆ ಎಂದು ಅತ್ತಿಗೆಯೂ ಗೊಣಗುತ್ತಿದ್ದಾರೆ. ಕೊಳವೆ ಕೆಲಸ ನಡೆದರೆ ಮಣ್ಣಿನ ವಾಸನೆ ಬಂದೇ ಬರುತ್ತದೆ. ಕಚೇರಿಯಲ್ಲಿ ಕ್ಯಾನಿನ ನೀರು, ನನಗೆ ಅಷ್ಟು ಗೊತ್ತಾಗಿಲ್ಲ.

ಜುಲೈ 10, ಬುಧವಾರ

ಮನೆಗೆ ಬಂದರೆ ಅತ್ತಿಗೆಯ ಪರಾಕ್ರಮದ ಕಥೆ. ಕೆಳಮನೆಯಲ್ಲಿ ಬಟ್ಟೆ ಹೊಲಿಯುವಾಕೆ ಇದ್ದಾಳಲ್ಲ, ಅವಳು ಸನ್ನೆಯ ಸುದ್ದಿ ನೋಡಿ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಲು ಇಟ್ಟಿದ್ದಳಂತೆ. ಅವಳನ್ನು ನೋಡಿ ಉಳಿದವರೂ. ಅತ್ತಿಗೆ ಇಳಿದು ಹೋಗಿ, “ಹಣೆ ಮೇಲೆ ಹಳದಿ ಪಟ್ಟಿ ಇದೆ, ಕಣ್ಣು ಕಾಣಲ್ವೇನ್ರೇ? ಆ ಪಟ್ಟಿ ಹಾಕಿದ್ದೇ ನಮ್ಮ ನಾದಿನಿ! ಯಾಕೆ ಗ್ಯಾಸ್ ದಂಡ ಮಾಡ್ತೀರಿ?” ಎಂದರಂತೆ. ಹೊಲಿಗೆಯಾಕೆ, “ಇರಲಿ ಬಿಡಿ ದೊಡ್ಡಮ್ಮ, ಕುದಿಸಿದ್ರೆ ನಷ್ಟವೇನು?” ಎಂದಳಂತೆ. ಅಷ್ಟಕ್ಕೆ ಇವರ ಮಾನ ಹೋಯಿತು. ಎಲ್ಲರೆದುರು ಮೆಟ್ಟಿಲ ಬಳಿಯ ನಲ್ಲಿ ತಿರುಗಿಸಿ, ಒಂದು ಲೋಟ ಹಿಡಿದು, ಗಟಗಟ ಕುಡಿದು, “ಏನಾಯ್ತು? ಸತ್ತೆನಾ?” ಎಂದು ಲೋಟ ಬೋರಲು ಹಾಕಿ ತೋರಿಸಿದರಂತೆ.

ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯಿತು. ಇಷ್ಟೊಂದು ನಂಬಿಕೆ ನನ್ನ ಮೇಲೆ ಯಾರೂ ಇಟ್ಟಿರಲಿಲ್ಲ. ನನ್ನ ಧ್ವನಿ ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ ಕೇಳುಗರೂ ಇಟ್ಟಿರಲಿಲ್ಲ.

ಜುಲೈ 12, ಶುಕ್ರವಾರ

ಅತ್ತಿಗೆಗೆ ಹೊಟ್ಟೆ ಸರಿಯಿಲ್ಲ. ಹಳಸಿದ್ದು ಏನೋ ತಿಂದಿರಬೇಕು. ಮಿಕ್ಕಿದ್ದನ್ನು ಚೆಲ್ಲಲು ಇವರಿಗೆ ಜೀವ ಹೋಗುತ್ತದೆ.

ಜುಲೈ 13, ಶನಿವಾರ

ಆಸ್ಪತ್ರೆ. ಹಾಸಿಗೆ ಇಲ್ಲದೆ ಪಡಸಾಲೆಯಲ್ಲಿ ಮಲಗಿಸಿದ್ದಾರೆ. ಸುತ್ತ ನೋಡಿದರೆ ಅರ್ಧಕ್ಕರ್ಧ ನಮ್ಮ ಬಡಾವಣೆಯವರೇ. ಕೆಳಗಿನ ಬೀದಿಯ ಇಸ್ತ್ರಿಯವನು, ಅವನ ಹೆಂಡತಿ, ಔಷಧಿ ಅಂಗಡಿಯವನ ತಾಯಿ. ಎಲ್ಲರ ಕೈಗೂ ಸೂಜಿ.

ಡಾಕ್ಟರನ್ನು ಕೇಳಿದೆ, ನೀರಿನದೇನಾ ಎಂದು. “ಪ್ರಯೋಗಾಲಯದ ವರದಿ ಬರಬೇಕು. ಅಲ್ಲೀವರೆಗೆ ನಾವು ಏನೂ ಹೇಳೋ ಹಾಗಿಲ್ಲ” ಎಂದರು. ಏನು ಮಾತು ಇದು! ಕಣ್ಣೆದುರು ಜನ ಕಕ್ಕುತ್ತಿದ್ದಾರೆ, ಇವರಿಗೆ ಕಾಗದ ಬೇಕಂತೆ! ಕೂಗಾಡಿಬಿಟ್ಟೆ. ನರ್ಸ್ ಬಂದು ಹೊರಗೆ ಕೂರಿಸಿದಳು.

ಜುಲೈ 15, ಸೋಮವಾರ

ಮೂತ್ರಪಿಂಡ ಕೈಕೊಟ್ಟಿದೆ ಎಂದರು.

ಜುಲೈ 16, ಮಂಗಳವಾರ

ಬೆಳಿಗ್ಗೆ ಜಲ ಇಲಾಖೆಯ ಪ್ರಕಟಣೆ: ನೀರಿನಲ್ಲಿ ಕಲ್ಮಶ ಇರುವುದು ದೃಢಪಟ್ಟಿದೆ, ಸಾರ್ವಜನಿಕರು ಕುದಿಸಿ ಕುಡಿಯಬೇಕು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು. ಅವರ ಬಾಯಿಗೆ ಮಣ್ಣು ಬೀಳಲಿ. ಫೋನ್ ಎತ್ತದ ಮುಂಡೇವು. ಎಂಗೇಜ್ ಅಂತೆ! ಯಾರ ಹತ್ತಿರ ಹರಟುತ್ತಿದ್ದರೋ ಅವತ್ತು! ಒಂದು ಸಲ ಎತ್ತಿದ್ದರೆ ಸಾಕಿತ್ತು.

ಒಂದೇ ಸಲ ಮಾಡಿದ್ದೆ.

ಮಧ್ಯಾಹ್ನ ಅತ್ತಿಗೆಗೆ ಎಚ್ಚರವಾಯಿತು. ತುಟಿ ಒಣಗಿ ಬಿರಿದಿತ್ತು. ಹತ್ತಿಯನ್ನು ನೀರಿನಲ್ಲಿ ಅದ್ದಿ ಒತ್ತಿದೆ. ಮುಖ ಪಕ್ಕಕ್ಕೆ ತಿರುಗಿಸಿದರು.

“ಕುದಿಸಿದ್ದೇನೇ?” ಎಂದರು.

“ಹೂಂ ಅತ್ತಿಗೆ.”

“ಯಾಕೆ? ದೃಢಪಟ್ತಾ?”

“ಹೂಂ. ಬೆಳಿಗ್ಗೆ.”

“ಹಾಗಾದ್ರೆ ಸರಿ” ಎಂದರು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಮುಚ್ಚಿಕೊಂಡೇ, “ಹೊಲಿಗೆಯವಳ ಹತ್ರ ಕ್ಷಮೆ ಕೇಳ್ಬೇಕು ಕಣೇ. ಅವಳ ಒಲೆ ಆರಿಸ್ಬಿಟ್ಟೆ” ಎಂದರು. ನನಗೆ ಒಂದು ಮಾತೂ ಅನ್ನಲಿಲ್ಲ. ಬೈಯಬಾರದಿತ್ತೇ? ಇಡೀ ಜನ್ಮ ಬೈದವರು, ಈ ಒಂದು ಸಲ ಯಾಕೆ ಬಾಯಿ ಮುಚ್ಚಿಕೊಂಡರು?

ಜುಲೈ 17, ಬುಧವಾರ

ಬೆಳಗಿನ ಜಾವ ಹೋದರು.

ಕಿಟಕಿಯ ಗುಮಾಸ್ತ ಒಂದು ಕಾಗದ ಮುಂದೆ ತಳ್ಳಿ, “ಇವರು ನಿಮ್ಮ ಅತ್ತಿಗೆ ಅಂತ ದೃಢಪಡಿಸಿ, ಇಲ್ಲಿ ಸಹಿ ಹಾಕಿ” ಎಂದ.

ಹಾಕಿದೆ.

ಜುಲೈ 24, ಬುಧವಾರ

ಮನೆಗೆ ಸನ್ನೆ ಬಂದಿದ್ದ. ಬೈಯುತ್ತಾನೆ ಎಂದು ಕಾದೆ. ನಾನೇ ಮೊದಲು ಜಗಳ ತೆಗೆಯಲು ನೋಡಿದೆ. “ನಿನ್ನ ಚಾನೆಲ್ಲಿನಲ್ಲಿ ಬೆಳ್ಳುಳ್ಳಿಯವನ ಹಾಗೆ ಬೊಬ್ಬೆ ಹೊಡೆದಿದ್ದಕ್ಕೇ ಯಾರೂ ನಂಬ್ಲಿಲ್ಲ” ಎಂದೆ. ಅವನು ಬೊಬ್ಬೆ ಹೊಡೆದೇ ಇರಲಿಲ್ಲ. ಆ ಸುದ್ದಿ ನಾನು ನೋಡಿದ್ದೇನೆ. ಮೆಲ್ಲಗೆ, ತಡವರಿಸುತ್ತ, ಗುಂಡಿಯ ಪಕ್ಕ ನಿಂತು ಹೇಳಿದ್ದ. ಗಾಜಿನ ಆಚೆ ಕೂತವನಿಗೆ ಮಾತಾಡಿ ಅಭ್ಯಾಸ ಎಲ್ಲಿಂದ?

“ಅಕ್ಕಾ, ಅತ್ತಿಗೆ ವಿಷಯ ಸುದ್ದಿ ಮಾಡ್ಲಾ, ಬೇಡ್ವಾ? ನೀವು ಬೇಡ ಅಂದ್ರೆ ಇಲ್ಲ” ಎಂದ.

“ಯಾಕೆ ಕೇಳ್ತೀಯ? ಇಲಾಖೆ ಒಪ್ಕೊಂಡಾಯ್ತಲ್ಲ.”

“ನೀರು ಕೆಟ್ಟಿತ್ತು ಅಂತ ಒಪ್ಕೊಂಡಿದ್ದಾರೆ. ಸಾವು ಅದರಿಂದಲೇ ಅಂತ ಒಪ್ತಿಲ್ಲ. ಸತ್ತೋರಿಗೆಲ್ಲ ಮೊದಲೇ ಕಾಯಿಲೆ ಇತ್ತು ಅಂತಿದ್ದಾರೆ. ನಿನ್ನೆಯಿಂದ ನೀರು ಸರಿಹೋಗಿದೆ, ಕುದಿಸೋದೂ ಬೇಡ ಅಂತಿದ್ದಾರೆ. ನಾನು ಇವತ್ತೂ ಗುಂಡಿ ನೋಡ್ಕೊಂಡು ಬಂದೆ. ಕೊಳವೆ ಇನ್ನೂ ಹಾಗೇ ಇದೆ.”

ಕೆಳಗೆ ಯಾರದೋ ಮನೆಯಲ್ಲಿ ನಲ್ಲಿ ಸುರಿಯುವ ಸದ್ದು ಕೇಳುತ್ತಿತ್ತು.

“ಮಾಡು” ಎಂದೆ.

ಜುಲೈ 25, ಗುರುವಾರ

ಬೆಳಿಗ್ಗೆ ಬಸ್ ನಿಲ್ದಾಣದ ಸುದ್ದಿ, ಯಾವುದೋ ನಟಿಯ ಸುದ್ದಿ, ಆಮೇಲೆ ನನ್ನ ಪರದೆಯ ಮೇಲೆ ಅತ್ತಿಗೆ.

ನಾನೇ ಕೊಟ್ಟ ಫೋಟೋ. ಸಭಾಂಗಣದಲ್ಲಿ ಎದ್ದು ನಿಂತು ಕೈ ಎತ್ತಿದ್ದು. ಕೆಳಗೆ ಸನ್ನೆಯ ಧ್ವನಿ: ಈಕೆ ನಲ್ಲಿಯ ನೀರು ಕುಡಿದು ತೀರಿಕೊಂಡರು, ಕೊಳವೆ ಇನ್ನೂ ರಿಪೇರಿಯಾಗಿಲ್ಲ, ದಯವಿಟ್ಟು ಕುದಿಸಿ ಕುಡಿಯಿರಿ. ಪಟ್ಟಿ ಯಾರು ಹಾಕಿದರು ಎಂಬುದನ್ನು ಅವನು ಹೇಳಿರಲಿಲ್ಲ. ಹೇಳಬಹುದಿತ್ತು.

ಜಲ ಇಲಾಖೆಗೆ ಫೋನ್ ಮಾಡಿದೆ. ಎಂಗೇಜ್. ಮತ್ತೆ ಮಾಡಿದೆ. ಎತ್ತುವವರೆಗೂ ಮಾಡಿದೆ. ಕೊನೆಗೆ ಒಬ್ಬ ಎತ್ತಿ, “ಅಂಥದ್ದೇನೂ ದೃಢಪಟ್ಟಿಲ್ಲಮ್ಮ” ಎಂದ. “ಕೊಳವೆ ನೋಡಿದ್ದೀರಾ?” ಎಂದೆ. “ನೋಡೋದು ನಮ್ಮ ವಿಭಾಗ ಅಲ್ಲ” ಎಂದು ಇಟ್ಟ. ಆಸ್ಪತ್ರೆಗೆ ಮಾಡಿದೆ. ಅವರು ಇಲಾಖೆಯನ್ನು ಕೇಳಿ ಎಂದರು. ಹಿಂದೆ ಸುದ್ದಿಗಳು ಸಾಲುಗಟ್ಟಿದವು, ಟೈ ಸಾಹೇಬರು ಎರಡು ಸಲ ಬಂದು ಬಗ್ಗಿ ನೋಡಿ ಹೋದರು.

ಹಸಿರು ಒತ್ತಿದೆ. ‘ದೃಢಪಡಿಸಿದವರು’ ಎಂಬಲ್ಲಿ ‘ನಾದಿನಿ’ ಎಂದು ಬರೆದೆ.

ಊಟದ ಹೊತ್ತಿಗೆ ಅದು ಹಳದಿಯಾಗಿತ್ತು. ಕೆಳಗೆ ಟೈ ಸಾಹೇಬರ ಟಿಪ್ಪಣಿ: ನಾದಿನಿ ಅಧಿಕೃತ ಮೂಲವಲ್ಲ. ಆಮೇಲೆ ಕರೆಸಿ, “ನಿಮ್ಮ ದುಃಖ ಅರ್ಥವಾಗುತ್ತೆ ಮೇಡಂ, ಸ್ವಲ್ಪ ದಿನ ರಜೆ ತಗೊಳ್ಳಿ” ಎಂದರು. ಗೋಡೆಯ ಮೇಲೆ ಅತ್ತಿಗೆಯ ಮಾತು ದಪ್ಪಕ್ಷರದಲ್ಲಿ ನೇತಾಡುತ್ತಿತ್ತು.

ಬಿಸಿಲಿರುವಾಗಲೇ ಮನೆಗೆ ಬಂದೆ. ಮೆಟ್ಟಿಲ ಬಳಿ ಹೊಲಿಗೆಯಾಕೆ ನಲ್ಲಿಗೆ ಕೊಡ ಇಟ್ಟಿದ್ದಳು. “ಕುದಿಸ್ತೀಯಾ?” ಎಂದೆ. “ಸರಿಹೋಯ್ತಂತಲ್ಲಮ್ಮ. ಇವತ್ತೇನೋ ಒಂದು ಬಂದಿತ್ತು, ಹಳದಿ ಪಟ್ಟಿ ಇತ್ತು, ಬಿಟ್ಬಿಟ್ಟೆ” ಎಂದಳು. ಫೋಟೋ ಕೂಡ ತೆರೆದು ನೋಡಿಲ್ಲ. ಪಾಠ ಅಷ್ಟು ಚೆನ್ನಾಗಿ ತಲುಪಿದೆ. ಏನಾದರೂ ಹೇಳೋಣವೆಂದರೆ ನಾನು ಅಧಿಕೃತ ಮೂಲವಲ್ಲವಲ್ಲ, ಮೆಟ್ಟಿಲು ಹತ್ತಿ ಬಂದೆ.

ಅತ್ತಿಗೆಯ ಫೋನ್ ದಿಂಬಿನ ಪಕ್ಕ ಇನ್ನೂ ಚಾರ್ಜಿನಲ್ಲೇ ಇತ್ತು. ಕಟ್ಟಡದ ಗುಂಪು ತೆರೆದೆ. ಸನ್ನೆಯ ಸುದ್ದಿಯನ್ನು ಯಾರೋ ಹೇಗೋ ತಂದು ಹಾಕಿದ್ದರು, ಹಣೆಯ ಮೇಲೆ ಹಳದಿ. ಅದರ ಕೆಳಗೆ ಅತ್ತಿಗೆ ಯಾವಾಗಲೂ ಬರೆಯುತ್ತಿದ್ದ ಜಾಗ ಖಾಲಿ ಇತ್ತು. ಅವರ ಫೋನಿನಿಂದಲೇ ಬರೆದೆ: “ಇದು ನಿಜ. ನೀರು ಕುದಿಸಿ ಕುಡಿಯಿರಿ.”

ಕಳಿಸಿ ಒಂದು ನಿಮಿಷ ಆಗಿಲ್ಲ, ಮೆಟ್ಟಿಲ ಮೇಲೆ ದಡದಡ ಕಾಲ ಸದ್ದು. ಬಾಗಿಲು ತೆಗೆದರೆ ಹೊಲಿಗೆಯಾಕೆ, ಮುಖ ಬಿಳಿಚಿಕೊಂಡಿತ್ತು, ಕೈಯಲ್ಲಿ ಫೋನು. ಅವಳ ಹಿಂದೆ ಎರಡನೇ ಮಹಡಿಯಾಕೆ.

“ದೊಡ್ಡಮ್ಮನ ಹೆಸರಲ್ಲಿ ಬಂದಿದೆಯಲ್ಲಮ್ಮ! ಯಾರು ಹೇಳಿದ್ದು ಇದನ್ನ?”

“ನಾನು” ಎಂದೆ. “ಅವತ್ತಿನ ಹಳದಿನೂ ನಾನೇ ಹಾಕಿದ್ದು. ಹೋಗು, ಮೊದಲು ಒಲೆ ಹಚ್ಚು.”